ಮೂವತ್ತೊಂದು ಕ್ಯಾಲೆಂಡರಿನ ಮೊಳೆ

ಮನೆಮಂದಿಯೆಲ್ಲ ಅವನನ್ನು ರೀಲಪ್ಪ ಅಂತಲೇ ಕರೆಯುತ್ತಾರೆ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ, ಚೆನ್ನಾಗಿಯೂ ಇದೆ, ಆದರೆ ಅದು ಈಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಬದುಕಿದೆ. ಹೊಸಬರು, ಇವನೇನೋ ರೀಲು ಬಿಡುವ ಆಸಾಮಿ ಇರಬೇಕು ಅಂದುಕೊಳ್ಳುತ್ತಾರೆ. ಪಾಪ, ಅವನಿಗೆ ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬರುವುದಿಲ್ಲ. ಆ ಹೆಸರು ಬಂದದ್ದು ಅಕ್ಕನ ಮದುವೆಯಿಂದ. ಇಟ್ಟವರು ಭಾವ, ಅದೂ ಮದುವೆಯಾದ ನಾಲ್ಕನೇ ದಿನಕ್ಕೆ.

ಆಗ ಅವನಿಗೆ ಹತ್ತೊಂಬತ್ತು ವರ್ಷ. ಪಕ್ಕದ ಮನೆಯ ಮೇಷ್ಟರ ಕ್ಯಾಮೆರಾ ಎರವಲು ತಂದಿದ್ದ. ಸ್ಟುಡಿಯೋದವರು ಯಾಕೆ, ನಾನಿಲ್ಲವೇ ಅಂತ ಎದೆ ತಟ್ಟಿಕೊಂಡವನೂ ಅವನೇ, ಬುಕ್ ಮಾಡಿದ್ದ ಸ್ಟುಡಿಯೋಗೆ ಹೋಗಿ ಬೇಡ ಅಂತ ಹೇಳಿ ಬಂದವನೂ ಅವನೇ. ಆ ಕಾಲದ ಕ್ಯಾಮೆರಾದಲ್ಲಿ ರೀಲಿನ ತುದಿಯನ್ನು ಬಲಗಡೆಯ ಉರುಳೆಯ ಸೀಳಿಗೆ ಸಿಕ್ಕಿಸಬೇಕು, ಸಿಕ್ಕಿತೋ ಇಲ್ಲವೋ ಅಂತ ನೋಡಬೇಕು, ಆಮೇಲೆ ಮುಚ್ಚಳ ಹಾಕಬೇಕು. ನಮ್ಮ ರೀಲಪ್ಪ ಸಿಕ್ಕಿಸಿದ, ಮುಚ್ಚಳವನ್ನೂ ಹಾಕಿದ, ನಡುವಿನ ಕೆಲಸ ಬಿಟ್ಟ. ಉರುಳೆ ತನ್ನ ಪಾಡಿಗೆ ತಾನು ಸುತ್ತುತ್ತಿತ್ತು, ರೀಲು ಡಬ್ಬಿಯೊಳಗೆ ಹಾಯಾಗಿ ಮಲಗಿತ್ತು. ಎಷ್ಟಾಯಿತು ಅಂತ ತೋರಿಸುವ ಅಂಕಿ ಮಾತ್ರ ಏರುತ್ತಲೇ ಹೋಯಿತು. ಮೂವತ್ತಾರರ ರೀಲಿನಲ್ಲಿ ನಲವತ್ತೊಂದು ಅಂತ ಬಂದಾಗಲಾದರೂ ತಲೆಯಿದ್ದವನು ಒಂದು ಗಳಿಗೆ ನಿಲ್ಲುತ್ತಾನೆ. ಇವನು ಊಟದ ಸಾಲಿನುದ್ದಕ್ಕೂ ಓಡಾಡಿ, "ನನ್ನ ಕೈಗುಣ ನೋಡಿ, ಐದು ಹೆಚ್ಚಿಗೆ ಬಂತು" ಅಂತ ಹೇಳಿಕೊಂಡು ಬಂದ.

ನಾಲ್ಕನೇ ದಿನ ಸ್ಟುಡಿಯೋದ ಮುದುಕ ತೊಳೆದ ರೀಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದ. "ಏನಪ್ಪಾ, ಇದರಲ್ಲಿ ಮದುವೇನೇ ಆಗಿಲ್ವಲ್ಲ" ಅಂದ.

ಮದುವೆಯ ಫೋಟೋ ಹಾಕುವುದಕ್ಕೆಂದೇ ಭಾವ ಹೊಸ ಮನೆಯ ನಡುಕೋಣೆಯಲ್ಲಿ, ಬಾಗಿಲಿನಿಂದ ಒಳಗೆ ಕಾಲಿಟ್ಟರೆ ಎದುರಿಗೇ ಕಾಣುವ ಹಾಗೆ, ಒಂದು ಮೊಳೆ ಹೊಡೆದಿದ್ದರು. ಹೊಡೆದ ಮೊಳೆ ಖಾಲಿ ಬಿಡಬಾರದು ಅಂತ ಅಕ್ಕ ಅದಕ್ಕೊಂದು ಕ್ಯಾಲೆಂಡರ್ ನೇತುಹಾಕಿದಳು. ಎಂಟು ತಿಂಗಳು ತಮ್ಮನ ಜೊತೆ ಮಾತು ಬಿಟ್ಟಳು. ಆಮೇಲೆ ಮಾತು ಬಂತು, ಆದರೆ ಹೇಗೆ ಬಂತು ಕೇಳಿ. ಪ್ರತಿ ಜನವರಿ ಒಂದನೇ ತಾರೀಕು ಬೆಳಗ್ಗೆ ಅವನಿಗೆ ಅಕ್ಕನ ಫೋನು. "ಹೊಸ ವರ್ಷ ಚೆನ್ನಾಗಿರಲಿ. ಕ್ಯಾಲೆಂಡರ್ ಬದಲಾಯಿಸಿದೆ." ಅಷ್ಟೇ, ಫೋನು ಕಟ್. ಮೂವತ್ತೊಂದು ವರ್ಷದಿಂದ ಒಂದು ವರ್ಷವೂ ಅದು ತಪ್ಪಿಲ್ಲ.

ಇಷ್ಟಾದರೂ ಅವನು ಹೊಟ್ಟೆಪಾಡಿಗೆ ಹಿಡಿದದ್ದು ಕ್ಯಾಮೆರಾವನ್ನೇ. ವಾಹನ ವಿಮೆಯ ಕಚೇರಿಯಲ್ಲಿ ಸರ್ವೇಯರ್‌ಗೆ ಸಹಾಯಕ. ಎಲ್ಲಾದರೂ ಕಾರು ಹೋಗಿ ಕಂಬಕ್ಕೆ ಗುದ್ದಿದರೆ ಇವನು ಗ್ಯಾರೇಜಿಗೆ ಹೋಗಿ ಅದರ ಫೋಟೋ ತೆಗೆದುಕೊಂಡು ಬರಬೇಕು. ಇಪ್ಪತ್ತಾರು ವರ್ಷದಿಂದ ಒಂದೇ ಕ್ರಮ. ಮೊದಲು ಗಾಡಿಯ ನಾಲ್ಕು ಮೂಲೆ, ಆಮೇಲೆ ನಂಬರ್ ಪ್ಲೇಟು, ಆಮೇಲೆ ಪೆಟ್ಟು ಬಿದ್ದ ಜಾಗ, ಕೊನೆಗೆ ಅದೇ ಜಾಗದ ಪಕ್ಕ ಆರಿಂಚಿನ ಸ್ಕೇಲು ಇಟ್ಟು ಇನ್ನೊಂದು. ಬಾಗಿಲ ಸಂದಿಯ ಗೀರು, ಬಣ್ಣ ಬಳಿದು ಮುಚ್ಚಿದ ಹಳೆಯ ತಗ್ಗು, ಯಾವುದೂ ಅವನ ಕಣ್ಣು ತಪ್ಪಿಸುವುದಿಲ್ಲ. ಆದರೆ ಯಾವ ಬಂಪರಿಗೂ "ಸ್ವಲ್ಪ ನಗಿ" ಅಂತ ಹೇಳುವ ಪ್ರಸಂಗ ಬಂದಿರಲಿಲ್ಲ. ಮನುಷ್ಯರ ಮುಖಕ್ಕೆ ಕ್ಯಾಮೆರಾ ಹಿಡಿಯುವುದನ್ನು ಅವನು ಹತ್ತೊಂಬತ್ತಕ್ಕೇ ಬಿಟ್ಟಿದ್ದ. ಬಿಸಿಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ. ಇವನು ಮಜ್ಜಿಗೆಯ ಲೋಟವನ್ನೇ ಮುಟ್ಟುತ್ತಿರಲಿಲ್ಲ.

ಹೀಗಿರುವಾಗ ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಒಂದು ಮಧ್ಯಾಹ್ನ ಅವನು ಗ್ಯಾರೇಜಿನಲ್ಲಿ ಮುಖ ಜಜ್ಜಿದ ವ್ಯಾನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಗ ಅವಳ ಫೋನು ಬಂತು.

"ಮಾವ, ನನ್ನ ಮದುವೆ ಫೋಟೋ ನೀನೇ ತೆಗೀಬೇಕು."

"ನಿಮ್ಮಮ್ಮ ಪಕ್ಕದಲ್ಲಿದಾಳಾ?"

"ಇಲ್ಲ."

"ಹಾಗಾದ್ರೆ ಇದು ತಮಾಷೆ ಅಲ್ಲ ಅಂತಾಯ್ತು. ತಾಯಿ, ನನ್ನ ಬಿಟ್ಟುಬಿಡು. ದೊಡ್ಡ ದೊಡ್ಡ ಕ್ಯಾಮೆರಾ ಇಟ್ಕೊಂಡು ಎಷ್ಟೋ ಜನ ಕಾಯ್ತಾ ಕೂತಿದಾರೆ."

"ನೋಡಿದೀನಿ ಅವರನ್ನ. ನನ್ನ ಗೆಳತಿ ಮದುವೇಲಿ ಮೂರು ಜನ ಬಂದಿದ್ರು. ಓಡು ಅಂದ್ರು, ತಿರುಗು ಅಂದ್ರು, ಆಕಾಶ ನೋಡು ಅಂದ್ರು. ಅವಳು ಆಕಾಶ ನೋಡ್ತಾ ನೋಡ್ತಾ ಚರಂಡಿಗೆ ಕಾಲಿಟ್ಟಳು. ನಂಗೆ ನೀನು ತೆಗೆದ ಸ್ಕೂಟರ್ ಫೋಟೋ ಥರ ಬೇಕು."

ಸ್ಕೂಟರ್ ಫೋಟೋ ಅಂದರೆ, ಅವಳು ಎರಡು ವರ್ಷದ ಹಿಂದೆ ಗೇಟಿಗೆ ಗುದ್ದಿಕೊಂಡಾಗ ವಿಮೆಯ ಫೈಲಿಗೆ ಅಂತ ಅವನು ತೆಗೆದದ್ದು. ಸ್ಕೂಟರಿನ ಮುರಿದ ದೀಪದ ಪಕ್ಕ ಸ್ಕೇಲು ಹಿಡಿದುಕೊಂಡು ನಿಂತ ಅವಳು, ತನ್ನ ಮೂರ್ಖತನಕ್ಕೆ ತಾನೇ ಬಿದ್ದೂ ಬಿದ್ದೂ ನಗುತ್ತಿದ್ದಳು. ಅವಳ ಮೊಬೈಲಿನಲ್ಲಿ ಈಗಲೂ ಅದೇ ಚಿತ್ರ. "ಆ ಫೈಲಲ್ಲಿ ಸ್ಕೂಟರಿಗಿಂತ ನಾನೇ ಚೆನ್ನಾಗಿದೀನಿ" ಅಂತ ಎಲ್ಲರಿಗೂ ತೋರಿಸುತ್ತಾಳೆ. ಸ್ಕೇಲು ಹಿಡಿಯುವವರು ಯಾರೂ ಇರಲಿಲ್ಲವೆಂದು ಅವಳ ಕೈಗೆ ಕೊಟ್ಟಿದ್ದ, ಅಷ್ಟೇ. ಅದನ್ನು ಅವನು ಮನುಷ್ಯರ ಫೋಟೋ ಅಂತ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಅಕ್ಕನ ಮನೆಯಲ್ಲಿ ಆ ಸಂಜೆ ಏನೇನು ನಡೆಯಿತೋ ದೇವರಿಗೇ ಗೊತ್ತು. ಮಗಳು ಊಟ ಬಿಟ್ಟಳಂತೆ, ಅಮ್ಮ ಅದನ್ನು ಎತ್ತಿ ಫ್ರಿಜ್ಜಿನಲ್ಲಿಟ್ಟಳಂತೆ, ಮಗಳು ಒಂದು ಗಂಟೆ ಬಿಟ್ಟು ಅದನ್ನೇ ತಿಂದಳಂತೆ, ಆದರೆ ಹಿಡಿದ ಹಟ ಮಾತ್ರ ಬಿಡಲಿಲ್ಲವಂತೆ. ಮರುದಿನ ಅಕ್ಕ ಫೋನು ಮಾಡಿದಳು.

"ಜನವರಿ ಅಲ್ವಲ್ಲ ಅಕ್ಕ" ಅಂದ ರೀಲಪ್ಪ.

"ಬಾಯಿ ಮುಚ್ಕೊಂಡು ಕೇಳು. ಮೊದಲು ಪರೀಕ್ಷೆ. ಮದುವೆ ನಡೆಯೋ ಹಾಲ್‌ಗೇ ಹೋಗಿ, ಮದುವೆ ನಡೆಯೋ ಹೊತ್ತಿಗೇ ತೆಗೆದು ತೋರಿಸ್ಬೇಕು. ನಂಗೆ ಸರಿ ಕಂಡ್ರೆ ಸರಿ. ಇಲ್ಲದಿದ್ರೆ ಬೇರೆಯವರಿಗೆ ಹೇಳ್ತೀನಿ. ನನ್ನ ಗೋಡೆ ಹಾಳಾಗಿದ್ದು ಸಾಕು, ನನ್ನ ಮಗಳ ಗೋಡೇನೂ ಹಾಳಾಗೋದು ಬೇಡ."

ಅವನು ಹೂಂ ಅಂದ. ಐವತ್ತರ ಗಂಡಸು, ತಲೆ ಅರ್ಧ ಬೋಳು, ಅಕ್ಕನಿಗೆ ಹೆದರುವುದರಲ್ಲಿ ಮಾತ್ರ ಇನ್ನೂ ಹತ್ತೊಂಬತ್ತೇ. ಒಂದೇ ಒಂದು ಸಲ ಅವಳ ಕೈಗೆ ಒಂದು ಫೋಟೋ ಕೊಟ್ಟು ಈ ಲೆಕ್ಕ ಮುಗಿಸಬೇಕು ಅನ್ನುವ ಆಸೆ ಅವನಿಗೆ ಎಷ್ಟಿತ್ತೆಂದರೆ, ಅದನ್ನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ.

ಮೊದಲ ಅಭ್ಯಾಸಕ್ಕೆ ಬಲಿಯಾದವಳು ಹೆಂಡತಿ. ಅವಳು ಅಂಚೆ ಕಚೇರಿಯ ಗುಮಾಸ್ತೆ. ಕೆಲಸದಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಕಿಟಕಿಯ ಹತ್ತಿರ ನಿಲ್ಲಿಸಿದ. ಎದುರಿನ ಬಲಗಡೆಯಿಂದ ಒಂದು ತೆಗೆದ, ಎಡಗಡೆಯಿಂದ ಒಂದು. ಆಮೇಲೆ ಕುರ್ಚಿ ಸರಿಸಿ ಅವಳ ಬೆನ್ನ ಹಿಂದೆ ಹೋದ.

"ಹಿಂದಿನಿಂದ ಯಾಕ್ರೀ?"

"ನಾಲ್ಕು ಮೂಲೆ ಆಗ್ಬೇಕಲ್ಲ."

"ನಂಬರ್ ಪ್ಲೇಟ್ ಎಲ್ಲಿದೆ ಅಂತ ತೋರಿಸ್ಲಾ?"

ಫೋಟೋ ನೋಡಿದರೆ ಅವಳಿಗೆ ಮೈಯೆಲ್ಲ ಉರಿಯಿತು. ಚಿಕ್ಕಂದಿನಲ್ಲಿ ಮೆಟ್ಟಿಲಿನಿಂದ ಬಿದ್ದು ಗಲ್ಲದ ಮೇಲೆ ಆದ ಒಂದು ಸಣ್ಣ ಗುರುತಿತ್ತು. ಎಲ್ಲ ಚಿತ್ರದಲ್ಲೂ ಆ ಗುರುತು ಕನ್ನಡಿಯಷ್ಟು ಸ್ಪಷ್ಟ, ಉಳಿದ ಮುಖವೆಲ್ಲ ಮಂಜು ಮಂಜು. "ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ್ದು ಇದರ ಜೊತೆಗಾ?" ಅಂದಳು. ಅವನು ಕ್ಯಾಮೆರಾದ ಮೇಲೆ ತಪ್ಪು ಹೊರಿಸಲು ನೋಡಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಹೆಂಡತಿ ಒಳಗೆ ಹೋದಳು. ಎರಡು ದಿನ ಅವನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ.

ಆದರೂ ಅವಳು ಬುದ್ಧಿ ಹೇಳದೆ ಬಿಡಲಿಲ್ಲ. "ನೀವು ಪೆಟ್ಟು ಎಲ್ಲಿದೆ ಅಂತ ಹುಡುಕ್ತೀರಿ. ಜನ ಎಲ್ಲಿದಾರೆ ಅಂತ ಹುಡುಕಿ" ಅಂದಳು. ಮಾತು ಕೇಳುವುದಕ್ಕೆ ಸುಲಭವಾಗಿತ್ತು. ಅವನು ಬಸ್ ನಿಲ್ದಾಣದಲ್ಲಿ, ಕಚೇರಿಯ ಕ್ಯಾಂಟೀನಿನಲ್ಲಿ, ಲಿಫ್ಟಿನಲ್ಲಿ ಜನರ ಮುಖ ನೋಡುವ ಅಭ್ಯಾಸ ಮಾಡಿದ. ನೋಡಿದ್ದಕ್ಕೆ ಒಬ್ಬಳು ಹೆಂಗಸು ಚೆನ್ನಾಗಿ ಮಂಗಳಾರತಿ ಎತ್ತಿದಳು. ಆಮೇಲೆ ಸಹೋದ್ಯೋಗಿಗಳ ಮುಖಕ್ಕಷ್ಟೇ ಅಭ್ಯಾಸ ಸೀಮಿತವಾಯಿತು. ಅವರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಪರೀಕ್ಷೆಯ ಭಾನುವಾರ ಬಂತು. ಹಾಲ್ ಅಂದರೆ ನೌಕರರ ಸಂಘದ ಕಟ್ಟಡದ ನೆಲಮಹಡಿ. ಒಂದು ವೇದಿಕೆ, ಮದುವೆಯ ರಿಜಿಸ್ಟರಿಗೆ ಸಹಿ ಹಾಕುವುದಕ್ಕೆ ಒಂದು ಮೇಜು, ಮಡಚಿ ಗೋಡೆಗೆ ಒರಗಿಸಿದ ಇನ್ನೂರು ಕುರ್ಚಿ, ಅರ್ಧ ಉರಿಯುವ ಅರ್ಧ ಮಿಟುಕಿಸುವ ಟ್ಯೂಬ್‌ಲೈಟು. ಗೋಡೆಗೆ ಯಾವ ಪುಣ್ಯಾತ್ಮನೋ ಗಿಳಿಹಸಿರು ಬಳಿಸಿದ್ದ. ಆ ಗೋಡೆಯ ಮುಂದೆ ಯಾರು ನಿಂತರೂ ಆಸ್ಪತ್ರೆಯಿಂದ ಈಗಷ್ಟೇ ಎದ್ದು ಬಂದವರ ಹಾಗೆ ಕಾಣುತ್ತಿದ್ದರು. ರೀಲಪ್ಪ ಮನೆಯಿಂದ ತಂದಿದ್ದ ಬಿಳಿ ಹಾಸಿಗೆಬಟ್ಟೆಯನ್ನು ವೇದಿಕೆಯ ಹಿಂದೆ ಕಟ್ಟಿದ. ಕಾವಲುಗಾರ ಬಂದು, ಇಲ್ಲಿ ಬಟ್ಟೆ ಒಣಹಾಕುವಂತಿಲ್ಲ ಅಂತ ಗದರಿ ಹೋದ.

ಮದುಮಗಳಿಗೆ ಅವತ್ತು ಡ್ಯೂಟಿ, ಹುಡುಗ ಪರವೂರಿನಲ್ಲಿದ್ದ. ಹೆಣ್ಣು ಗಂಡಿನ ಜಾಗದಲ್ಲಿ ಯಾರಾದರೂ ನಿಲ್ಲಬೇಕಲ್ಲ. "ನಾನು, ನಿಮ್ಮ ಭಾವ ನಿಲ್ತೀವಿ" ಅಂದಳು ಅಕ್ಕ. ಪರೀಕ್ಷೆ ತೆಗೆದುಕೊಳ್ಳುವವಳು ಹತ್ತಿರದಿಂದಲೇ ನೋಡಬೇಕೆಂಬ ಹಟ. ಭಾವ ಮನೆಯಲ್ಲಿ ತೊಡುವ ಅಂಗಿಯಲ್ಲೇ ಬಂದಿದ್ದರು, ಅಕ್ಕ ಮಾತ್ರ ಯಾಕೋ ಒಳ್ಳೆಯ ಸೀರೆ ಉಟ್ಟಿದ್ದಳು. ಯಾಕೆ ಅಂತ ಕೇಳುವ ಧೈರ್ಯ ಅಲ್ಲಿದ್ದ ಇಬ್ಬರು ಗಂಡಸರಿಗೂ ಇರಲಿಲ್ಲ.

ಇಬ್ಬರೂ ವೇದಿಕೆ ಹತ್ತಿ ನಿಂತರು. ನಡುವೆ ಒಂದು ಬಸ್ಸು ಹಾದುಹೋಗುವಷ್ಟು ಜಾಗ.

"ಸ್ವಲ್ಪ ಹತ್ತಿರ ಬನ್ನಿ ಭಾವ."

ಭಾವ ಒಂದು ಅಂಗುಲ ಸರಿದರು.

"ಇನ್ನೂ ಸ್ವಲ್ಪ."

"ಸಾಕು ಬಿಡಯ್ಯ. ನಮಗೇನು ಹೊಸದಾ? ಮದುವೆಯಾಗಿ ಮೂವತ್ತೊಂದು ವರ್ಷ ಆಯ್ತು."

ಅಕ್ಕ ತಲೆ ತಿರುಗಿಸಿ ಗಂಡನ ಮುಖ ನೋಡಿದಳು. "ಆಗಿದೆ ಅನ್ನೋಕೆ ಪುರಾವೆ ಎಲ್ಲಿದೆ?" ಅಂದಳು.

ಭಾವನ ಹೊಟ್ಟೆ ಅಲುಗಾಡಲು ಶುರುವಾಯಿತು. ಅವರು ನಗು ತಡೆದುಕೊಂಡರೆ ಮೊದಲು ಹೊಟ್ಟೆ ಅಲುಗುತ್ತದೆ, ಆಮೇಲೆ ಭುಜ, ಕೊನೆಗೆ ಎಲ್ಲ ಒಟ್ಟಿಗೆ ಒಡೆಯುತ್ತದೆ. ಅವರು ನಕ್ಕದ್ದು ನೋಡಿ ಅಕ್ಕನಿಗೂ ತಡೆಯಲಾಗಲಿಲ್ಲ. ಗಂಡನ ತೋಳು ಹಿಡಿದುಕೊಂಡು, ಬಾಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ರೀಲಪ್ಪ ಬೆರಳು ಒತ್ತಿದ. ಒತ್ತಿದ್ದು ಅವನಿಗೇ ಗೊತ್ತಾಗಲಿಲ್ಲ.

ಪುಟ್ಟ ಪರದೆಯಲ್ಲಿ ನೋಡಿದ. ವೃತ್ತಿಯ ಕಣ್ಣು ಸುಮ್ಮನಿರುತ್ತದೆಯೇ, ಪಟ್ಟಿ ಮಾಡಿತು. ಅಕ್ಕನ ಬೈತಲೆಯ ಹತ್ತಿರ ಬಿಳಿ ಕೂದಲು, ಭಾವನ ಎಡಗಡೆ ಒಂದು ಹಲ್ಲು ಇಲ್ಲ, ಕಣ್ಣು ಎರಡೂ ಮುಚ್ಚಿವೆ, ಅಂಗಿಯ ಗುಂಡಿ ಒಂದು ಕಿತ್ತಿದೆ. ಇಂಥದ್ದಕ್ಕೆ ಅವರ ಕಚೇರಿಯ ಭಾಷೆಯಲ್ಲಿ ಒಂದು ಸಾಲಿದೆ: ಬಳಕೆಯಿಂದ ಆದ ಸವೆತ, ಪರಿಹಾರಕ್ಕೆ ಅರ್ಹವಲ್ಲ. ಅದು ನೆನಪಾಗಿ ಅವನಿಗೇ ನಗು ಬಂತು. ಮೂವತ್ತೊಂದು ವರ್ಷದ ಹಿಂದೆ ಇವರು ಇಷ್ಟು ಚೆನ್ನಾಗಿ ನಕ್ಕಿರಲಿಕ್ಕಿಲ್ಲ ಅನ್ನಿಸಿತು.

"ತೋರಿಸು" ಅಂದಳು ಅಕ್ಕ. ಅವನು ಆ ಚಿತ್ರವನ್ನು ದಾಟಿಸಿ, ಆಮೇಲೆ ನೆಟ್ಟಗೆ ನಿಲ್ಲಿಸಿ ತೆಗೆದ ಇಪ್ಪತ್ತನ್ನು ತೋರಿಸಿದ. ಅವಳು ಒಂದೊಂದನ್ನೂ ಸೊಪ್ಪು ಆರಿಸುವ ಹಾಗೆ ನೋಡಿ, "ಪರವಾಗಿಲ್ಲ, ಮುಖ ಕಾಣ್ತದೆ" ಅಂದಳು. ಪರೀಕ್ಷೆ ಪಾಸು.

ಮದುವೆಗೆ ಉಳಿದ ಐದು ದಿನ ರೀಲಪ್ಪನಿಗೆ ಹಸಿವಿಲ್ಲ, ನಿದ್ದೆಯಿಲ್ಲ. ಕಚೇರಿಯ ಸರ್ವೇ ಫಾರಂ ಹಿಂಭಾಗದಲ್ಲಿ ನಲವತ್ತೊಂದು ಬಾಬತ್ತಿನ ಒಂದು ಪಟ್ಟಿ ಬರೆದ. ಬ್ಯಾಟರಿ ಚಾರ್ಜ್ ಆಗಿದೆಯೇ, ಎರಡನೇ ಬ್ಯಾಟರಿ ಇದೆಯೇ, ಗಾಜು ಒರೆಸಿದೆಯೇ, ಕ್ಯಾಮೆರಾದಲ್ಲಿ ಕಾರ್ಡ್ ಇದೆಯೇ, ಬದಲಿ ಕಾರ್ಡ್ ಇದೆಯೇ, ಬಿಳಿ ಬಟ್ಟೆ, ಹಗ್ಗ, ಮೂತ್ರಕ್ಕೆ ಹೋಗಿ ಬಂದಾಗಿದೆಯೇ. ಒಂದೊಂದರ ಮುಂದೆಯೂ ಒಂದು ಚೌಕ. ಬದಲಿ ಕಾರ್ಡನ್ನು ಹೆಂಡತಿಯ ಪರ್ಸಿನಲ್ಲಿ ಇಡಿಸಿದ, ಯಾಕೆಂದರೆ ಅವಳ ಪರ್ಸಿನಿಂದ ಇದುವರೆಗೆ ಏನೂ ಕಳೆದದ್ದಿಲ್ಲ, ಹಾಗೆಯೇ ಏನೂ ಸುಲಭಕ್ಕೆ ಹೊರಗೆ ಬಂದದ್ದೂ ಇಲ್ಲ. ಮದುವೆಯ ಹಿಂದಿನ ದಿನ ಮಧ್ಯಾಹ್ನ ನಲವತ್ತೊಂದೂ ಚೌಕಕ್ಕೆ ಸರಿ ಗುರುತು ಬಿತ್ತು. ಹೆಂಡತಿಯಿಂದ ಸಾಕ್ಷಿ ಸಹಿಯನ್ನೂ ಹಾಕಿಸಿದ.

ಆ ಸಂಜೆ, ಪಟ್ಟಿಯಲ್ಲಿಲ್ಲದ ಒಂದು ಕೆಲಸಕ್ಕೆ ಹೊರಟ. ಕಾರ್ಡನ್ನು ಕ್ಯಾಮೆರಾದಿಂದ ತೆಗೆದು ಜೇಬಿಗೆ ಹಾಕಿಕೊಂಡು ಮೂಲೆಯ ಪ್ರಿಂಟ್ ಅಂಗಡಿಗೆ ಹೋದ. ಭಾನುವಾರದ ಆ ಒಂದೇ ಚಿತ್ರ ಸಾಕು, ದೊಡ್ಡದಾಗಿ ಹಾಕಿಕೊಡಿ ಅಂದ. ಯಂತ್ರದಿಂದ ಕಾಗದ ಬಿಸಿಬಿಸಿಯಾಗಿ ಹೊರಗೆ ಬಂತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತ ನಿಂತೇ ಬಿಟ್ಟ. ಅಂಗಡಿಯವನು, "ಯಾರ್ರೀ ಇವರು, ಇಷ್ಟು ಖುಷಿಯಾಗಿದಾರೆ" ಅಂತ ಕೇಳಿದ. "ಗಂಡ ಹೆಂಡತಿ" ಅಂದ ರೀಲಪ್ಪ. ಅಂಗಡಿಯವನು ನಂಬಲಿಲ್ಲ. ಚಿತ್ರವನ್ನು ರಟ್ಟಿನ ಲಕೋಟೆಯಲ್ಲಿಟ್ಟುಕೊಂಡು, ಮಗು ಎತ್ತಿಕೊಂಡವನ ಹಾಗೆ ಎದೆಗಾನಿಸಿಕೊಂಡು ಮನೆಗೆ ಬಂದ.

ಮದುವೆಯ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹಾಲ್‌ನಲ್ಲಿದ್ದ. ಬಿಳಿ ಬಟ್ಟೆ ಕಟ್ಟಿದ, ಕುರ್ಚಿ ಸರಿಸಿದ. ಮೇಜಿನ ಮೇಲಿನ ಹೂದಾನಿಯ ಎರಡು ಫೋಟೋ ತೆಗೆದು ನೋಡಿದ. ಪರದೆಯ ಮೇಲೆ ಹೂವು ಮೂಡಿತು, ಮಾಯವಾಯಿತು. ಭೇಷ್ ಅಂದುಕೊಂಡ. ಜನ ಸೇರಿದರು. ಮದುಮಗಳು ಒಳಕೋಣೆಯಿಂದ ಹೊರಡುವ ಹೊತ್ತು. ಅವನು ಕ್ಯಾಮೆರಾ ಕಣ್ಣಿಗೆ ಹಿಡಿದು ಬಾಗಿಲಿನ ಎದುರು ಮಂಡಿಯೂರಿದ.

ಅಡ್ಡ ಬಂದು ನಿಂತಳು ಅಕ್ಕ.

"ಬಾಗಿಲು ತೆಗಿ."

"ಯಾವ ಬಾಗಿಲು ಅಕ್ಕ? ಅವಳು ಬರ್ತಾ ಇದಾಳೆ, ಸ್ವಲ್ಪ ಸರಿ."

"ಕ್ಯಾಮೆರಾದ್ದು. ಮುಚ್ಚಳ ತೆಗೆದು ತೋರಿಸು. ನಂಗೆ ಕ್ಯಾಮೆರಾ ಬಗ್ಗೆ ಗೊತ್ತಿರೋದು ಇದೊಂದೇ."

"ಅಕ್ಕ, ಇದು ರೀಲಿನ ಕಾಲ ಅಲ್ಲ. ಪಟ್ಟಿ ಇದೆ, ನಲವತ್ತೊಂದು ಬಾಬತ್ತು, ಸಾಕ್ಷಿ ಸಹಿ ಇದೆ—"

"ನಲವತ್ತೊಂದು ಅಂತ ಅವತ್ತೂ ನೀನು ಹೇಳಿದ್ದೆ. ತೆಗಿ."

ಅವಮಾನದಿಂದ ಕಿವಿ ಕೆಂಪಾಗಿ ಅವನು ಪಕ್ಕದ ಪುಟ್ಟ ಮುಚ್ಚಳವನ್ನು ಹೆಬ್ಬೆರಳಿನಿಂದ ಸರಿಸಿದ. ಇಬ್ಬರೂ ಬಗ್ಗಿ ನೋಡಿದರು. ಒಳಗೆ ಖಾಲಿ. ಕಾರ್ಡು ಮೂಲೆಯ ಅಂಗಡಿಯ ಯಂತ್ರದ ಬಾಯಲ್ಲೇ ಉಳಿದಿತ್ತು. ಅವನ ಕ್ಯಾಮೆರಾ ಕಾರ್ಡು ಇಲ್ಲದಿದ್ದರೂ ಕ್ಲಿಕ್ ಅನ್ನುವ ಜಾತಿಯದು. ತೆಗೆದದ್ದನ್ನು ಎರಡು ಕ್ಷಣ ತೋರಿಸಿ ಮರೆತುಬಿಡುತ್ತದೆ. ಅಕ್ಕ ಅಡ್ಡ ಬರದಿದ್ದರೆ ಅವನು ಇಡೀ ಮದುವೆಯನ್ನು ಹೂದಾನಿಯ ಹಾಗೆ ನೋಡಿ ನೋಡಿ ಕಳುಹಿಸುತ್ತಿದ್ದ.

ಅವನು ಮೂವತ್ತೊಂದು ವರ್ಷ ಕಾದು, ಐದು ದಿನ ನಿದ್ದೆಗೆಟ್ಟು, ಅದೇ ತಪ್ಪನ್ನೇ ಹುಡುಕಿಕೊಂಡು ಬಂದು ಮಾಡಿದ್ದ. ಕಣ್ಣಲ್ಲಿ ನೀರೇ ಬಂತು. ಹೆಂಡತಿ ಪಕ್ಕದಲ್ಲಿ ಪರ್ಸಿಗೆ ಕೈ ಹಾಕಿ, ಬಾಚಣಿಗೆ, ಬೀಗದ ಕೈ, ಜ್ವರದ ಮಾತ್ರೆ ಎಲ್ಲ ಹೊರಗೆ ತೆಗೆದು ಕೊನೆಗೂ ಬದಲಿ ಕಾರ್ಡನ್ನು ಅವನ ಅಂಗೈಗೆ ಇಟ್ಟಳು. ಅಕ್ಕನೇ ಅದನ್ನು ತೆಗೆದುಕೊಂಡು, ಟಕ್ ಅನ್ನುವವರೆಗೆ ಒಳಗೆ ಒತ್ತಿ, ಮುಚ್ಚಳ ಹಾಕಿದಳು.

"ಅದೆಲ್ಲಿ ಹೋಯ್ತು, ಅದರಲ್ಲಿ ಇದ್ದಿದ್ದು?" ಅಂದಳು.

ಅವನು ಚೀಲದಿಂದ ರಟ್ಟಿನ ಲಕೋಟೆ ತೆಗೆದು ಕೊಟ್ಟ.

ಅಕ್ಕ ಅದನ್ನು ಬಿಚ್ಚಿದಳು. ಹೊರಗೆ ಯಾರೋ ಹೆಣ್ಣಿನ ಕಡೆಯವರನ್ನು ಕೂಗುತ್ತಿದ್ದರು, ಅವಳಿಗೆ ಕೇಳಿಸಲಿಲ್ಲ. ಚಿತ್ರವನ್ನು ದೂರ ಹಿಡಿದು ನೋಡಿದಳು, ಕನ್ನಡಕ ಹಾಕಿಕೊಂಡು ಹತ್ತಿರ ಹಿಡಿದು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇವರು ಕಣ್ಣು ಮುಚ್ಚಿದಾರೆ" ಅಂದಳು.

"ಹೂಂ ಅಕ್ಕ."

"ಗುಂಡೀನೂ ಇಲ್ಲ."

"ಇಲ್ಲ ಅಕ್ಕ."

ಒಳಕೋಣೆಯ ಬಾಗಿಲು ತೆರೆಯಿತು. ಮದುಮಗಳು ಹೊಸ್ತಿಲ ಮೇಲೆ ನಿಂತು, ಮಾವ ಅಳುತ್ತಿರುವುದನ್ನು, ಅಮ್ಮ ಅದಕ್ಕಿಂತ ಹೆಚ್ಚು ಅಳುತ್ತಿರುವುದನ್ನು ನೋಡಿ, ಸ್ಕೂಟರ್ ಗುದ್ದಿದ ದಿನದ ಹಾಗೆಯೇ ನಗಲು ಶುರುಮಾಡಿದಳು. ರೀಲಪ್ಪ ಕ್ಯಾಮೆರಾ ಎತ್ತಿದ. ಈ ಸಲ ಬೆರಳು ಒತ್ತಿದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕ ಚಿತ್ರವನ್ನು ಲಕೋಟೆಗೆ ಸೇರಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಎರಡು ಹೆಜ್ಜೆ ಹೋದವಳು ತಿರುಗಿ ನಿಂತು, ಹಳೆಯ ಸಿಟ್ಟಿನ ಮುಖ ಮಾಡಿಕೊಂಡು ಕೇಳಿದಳು:

"ಈಗ ಆ ಕ್ಯಾಲೆಂಡರ್ ಎಲ್ಲಿ ಹಾಕಲೋ ನಾನು?"